ಬಿಸಿಲೂರಿನ ಬೇಸಿಗೆಗೆ ಸ್ವಂತ ಹೊಲಿಗೆ: ರೆಡಿಮೇಡ್ ನೋಡಿ ಮನೆಯಲ್ಲೇ ಹೊಲಿದವರ ಅನುಭವ

ಪ್ರಶ್ನೆ (ರಾಯಚೂರಿನಿಂದ)

ಮಲೆನಾಡಿನಿಂದ ವರ್ಗವಾಗಿ ಕಳೆದ ಜೂನ್ ಕೊನೆಗೆ ರಾಯಚೂರಿಗೆ ಬಂದ ಶಿಕ್ಷಕಿ ನಾನು. ಇಲ್ಲಿಯ ಬೇಸಿಗೆಯನ್ನು ಇನ್ನೂ ಕಂಡಿಲ್ಲ, ಆದರೆ ಸಹೋದ್ಯೋಗಿಗಳ ಮಾತು ಕೇಳಿ ಈಗಲೇ ಬೆವರುತ್ತಿದ್ದೇನೆ. ರೆಡಿಮೇಡ್ ಅಂಗಡಿಗಳಲ್ಲಿ ಕಾಣುವ ಸಡಿಲವಾದ ಕುರ್ತಾ, ಪಲಾಝೊ, ಒಂದೇ ಬಟ್ಟೆಯಲ್ಲಿ ಹೊಲಿದ ಅಂಗಿ ಮತ್ತು ಪ್ಯಾಂಟಿನ ಜೋಡಿ ನನಗೆ ತುಂಬ ಇಷ್ಟ. ಚೀಟಿ ತಿರುಗಿಸಿ ನೋಡಿದರೆ ಹೆಚ್ಚಿನವು ಪಾಲಿಯೆಸ್ಟರ್. ಅಮ್ಮನ ಕಾಲುಮೆಷಿನ್ ಜೊತೆಗಿದೆ. ಸೀರೆಗೆ ಫಾಲ್ ಹಚ್ಚುವುದು, ದಿಂಬಿನ ಚೀಲ ಹೊಲಿಯುವುದು ಬಿಟ್ಟರೆ ನನಗೆ ಹೆಚ್ಚಿನ ಹೊಲಿಗೆ ಬಾರದು. ಯುಗಾದಿಯ ಹೊತ್ತಿಗೆ ಐದಾರು ಉಡುಪುಗಳನ್ನು ನಾನೇ ಹೊಲಿದುಕೊಳ್ಳಬಹುದೇ? ಯಾವ ಬಟ್ಟೆ ತರಲಿ, ಆ ಕಟಿಂಗ್ ಅನ್ನು ಹೇಗೆ ತೆಗೆಯಲಿ?

ಉತ್ತರ (ರಾಯಚೂರಿನಿಂದ)

ಹೊಲಿಯಬಹುದು, ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ರೆಡಿಮೇಡ್‌ನಿಂದ ಕಟಿಂಗ್ ಅನ್ನು ಮಾತ್ರ ತೆಗೆದುಕೊಳ್ಳಿ, ಬಟ್ಟೆಯನ್ನು ನಮ್ಮ ಬಿಸಿಲಿಗೆ ತಕ್ಕಂತೆ ನೀವೇ ಆರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಈ ಊರಿನಲ್ಲಿ ಸುದ್ದಿಯೇ ಅಲ್ಲ. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಶೇ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಶೇ 1ರಷ್ಟನ್ನೂ ಹಿಡಿಯುವುದಿಲ್ಲ. ಅದಕ್ಕೇ ಎಷ್ಟೇ ಚಂದದ ಪಾಲಿಯೆಸ್ಟರ್ ಕುರ್ತಾ ಆದರೂ ಮಧ್ಯಾಹ್ನದ ಪಾಳಿ ಮುಗಿಯುವಷ್ಟರಲ್ಲಿ ಬೆನ್ನಿಗೆ ಅಂಟಿಕೊಂಡಿರುತ್ತದೆ.

ಕಟ್‌ಪೀಸ್ ಅಂಗಡಿಯಲ್ಲಿ ಎಲ್ಲವೂ ‘ಪ್ಯೂರ್ ಕಾಟನ್’ ಆಗಿರುತ್ತದೆ, ಮಾತಿನಲ್ಲಿ. ನಾನು ಅಂಚಿನಿಂದ ಎರಡು ಎಳೆಗಳನ್ನು ಕಿತ್ತುಕೊಂಡು, ಹಾಸಿನದೊಂದು (ಉದ್ದದ ಎಳೆ) ಹೊಕ್ಕಿನದೊಂದು (ಅಡ್ಡ ಎಳೆ), ಅಂಗಡಿಯ ಹೊರಗೆ ಬಂದು ಕಡ್ಡಿ ಗೀರಿ ಸುಟ್ಟು ನೋಡುತ್ತೇನೆ. ಹತ್ತಿಯ ಎಳೆ ಕಾಗದದಂತೆ ಉರಿದು, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಬೂದಿಯನ್ನು ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ದಿಕ್ಕಿನ ಎಳೆ ಏಕೆಂದರೆ, ಹಾಸು ಹತ್ತಿಯದಾಗಿದ್ದು ಹೊಕ್ಕಿನಲ್ಲಿ ಬೇರೆ ನೂಲು ಸೇರಿಸಿದ ಬಟ್ಟೆ ನನಗೆ ಎರಡು ಸಲ ಸಿಕ್ಕಿದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ, ಆದ್ದರಿಂದ ಇನ್ನೊಂದು ಎಳೆಯನ್ನು ಒದ್ದೆ ಮಾಡಿ ಜಗ್ಗಿ ನೋಡಿ: ನೀರು ತಾಗಿದ ರೇಯಾನ್ ಎಳೆ ಸುಲಭವಾಗಿ ತುಂಡಾಗುತ್ತದೆ. ಈ ಕಾರಣಕ್ಕೇ ನಾನು ರೇಯಾನ್ ಅನ್ನು ದೂರವಿಟ್ಟಿದ್ದೇನೆ.

ಕುರ್ತಾಗಳಿಗೆ ಕೇಂಬ್ರಿಕ್ ಎಂಬ ಒತ್ತಾದ ನೇಯ್ಗೆಯ ನುಣುಪು ಹತ್ತಿ, ಒಳಗೆ ಲೈನಿಂಗ್ ಬೇಕೆನಿಸಿದರೆ ಮಲ್ ಎಂಬ ತೆಳುವಾದ ಮೆತ್ತನೆಯ ಹತ್ತಿ, ಪ್ಯಾಂಟಿಗೆ ಸ್ವಲ್ಪ ದಪ್ಪನೆಯ ಹತ್ತಿ ಅಥವಾ ಖಾದಿ ತನ್ನಿ. 44 ಇಂಚು ಅಗಲದ ಬಟ್ಟೆಯಾದರೆ ಮೊಣಕೈವರೆಗಿನ ತೋಳಿನ ಕುರ್ತಾಕ್ಕೆ ಎರಡೂವರೆ ಮೀಟರ್ ಸಾಕಾಗುತ್ತದೆ. 36 ಇಂಚಿನದಾದರೆ ಮೂರು ಮೀಟರ್ ಕೇಳಿ. ಬಿಳಿಯ ಆಸೆಗೆ ಬೀಳಬೇಡಿ, ಧೂಳು ನಿಮ್ಮನ್ನು ದಿನಾ ಕಲ್ಲಿನ ಮುಂದೆ ನಿಲ್ಲಿಸುತ್ತದೆ. ತಿಳಿ ಬಣ್ಣದ ಸಣ್ಣ ಅಚ್ಚಿನ ಬಟ್ಟೆ ಎಷ್ಟೋ ವಾಸಿ.

ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಮೊದಲ ವರ್ಷ ಅವಸರದಲ್ಲಿ ಇದನ್ನು ಬಿಟ್ಟಿದ್ದೆ. ನೂರಕ್ಕೆ ಐದರಷ್ಟು ಕುಗ್ಗಿದರೂ 42 ಇಂಚಿನ ಕುರ್ತಾ 40ಕ್ಕೆ ಬರುತ್ತದೆ ಎಂಬ ಲೆಕ್ಕವನ್ನು ಒಂದೇ ಒಗೆತ ನನಗೆ ಕಲಿಸಿತು, ಕಂಕುಳ ಹಿಡಿದ ಆ ಕುರ್ತಾ ಈಗ ತಂಗಿಯ ಮಗಳ ಮೈಮೇಲಿದೆ.

ಉತ್ತರ (ಬಳ್ಳಾರಿಯಿಂದ)

ಮೇಲಿನ ಅಕ್ಕನವರು ಬಟ್ಟೆಯ ಬಗ್ಗೆ ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ರೇಯಾನ್ ಒಂದನ್ನು ಬಿಟ್ಟು. ಮೈಮೇಲೆ ಜಾರುವಂತೆ ಬೀಳುವ ಪಲಾಝೊ ಬೇಕಾದರೆ ಹತ್ತಿಯಲ್ಲಿ ಆ ಬಾಗು ಬರುವುದಿಲ್ಲ. ರೇಯಾನ್ ಅನ್ನು ಎರಡು ಸಲ ನೆನೆಸಿ ಒಣಗಿಸಿ, ಒಗೆಯುವಾಗ ಕುಕ್ಕದೆ ಹಿಂಡದೆ ನೋಡಿಕೊಂಡರೆ ಎರಡು ಬೇಸಿಗೆ ಬಾಳುತ್ತದೆ. ನನ್ನದು ಬಾಳಿದೆ.

ಮದುವೆಗೆ ಮೊದಲು ಆರು ವರ್ಷ ಇಲ್ಲಿಯ ಒಂದು ಜೀನ್ಸ್ ಘಟಕದಲ್ಲಿ ಮೆಷಿನ್ ಮುಂದೆ ಕುಳಿತವಳು ನಾನು. ಹೊರಗಿನವರು ಅಲ್ಲಿ ಒಬ್ಬೊಬ್ಬರು ಒಂದೊಂದು ಪ್ಯಾಂಟ್ ಹೊಲಿಯುತ್ತಾರೆಂದು ತಿಳಿದಿರುತ್ತಾರೆ. ಹಾಗಲ್ಲ, ಜೇಬು ಹಚ್ಚುವವರು ದಿನವಿಡೀ ಜೇಬನ್ನೇ ಹಚ್ಚುತ್ತಾರೆ, ಜಿಪ್ ಹಚ್ಚುವವರು ಜಿಪ್ಪನ್ನೇ. ನನ್ನ ಕೈಗೆ ಬರುತ್ತಿದ್ದುದು ಬೆಲ್ಟ್ ಪಟ್ಟಿ ಮಾತ್ರ. ರೆಡಿಮೇಡ್ ಉಡುಪಿನ ಹೊಲಿಗೆ ನೇರವಾಗಿ, ಒಂದೇ ಸಮನಾಗಿ ಇರುವುದು ಹೀಗೆ ಕೈ ಪಳಗುವುದರಿಂದ. ನೀವು ಮನೆಯಲ್ಲಿ ಒಬ್ಬರೇ ಆದರೂ ಇದೇ ರೀತಿ ಮಾಡಬಹುದು: ಆರು ಬಗೆಯ ಆರು ಉಡುಪುಗಳ ಹಂಬಲ ಬಿಟ್ಟು, ಒಂದೇ ಕಾಗದದ ಅಳತೆಯಿಂದ ಮೂರು ಕುರ್ತಾಗಳನ್ನು ಕತ್ತರಿಸಿಕೊಂಡು, ಮೂರರ ಭುಜವನ್ನೂ ಒಂದೇ ದಿನ ಕೂಡಿಸಿ, ಮರುದಿನ ಮೂರರ ಕುತ್ತಿಗೆ, ಆಮೇಲೆ ತೋಳು, ಕೊನೆಗೆ ಪಕ್ಕದ ಹೊಲಿಗೆ ಎಂದು ಸಾಗಿದರೆ ಮೂರನೆಯ ಕುತ್ತಿಗೆಯ ಹೊತ್ತಿಗೆ ಕೈ ತಾನಾಗಿ ತಿರುಗುತ್ತದೆ. ಒಂದರಲ್ಲಿ ಉದ್ದ ತೋಳು, ಇನ್ನೊಂದರಲ್ಲಿ ಜೇಬು, ಮತ್ತೊಂದರಲ್ಲಿ ಮುಂದೆ ಗುಂಡಿಪಟ್ಟಿ ಇಟ್ಟರೆ ಅವು ಅಕ್ಕತಂಗಿಯರೆಂದು ಯಾರಿಗೂ ತಿಳಿಯುವುದಿಲ್ಲ.

ಕಟಿಂಗ್ ತೆಗೆಯಲು ನಿಮಗೆ ಸರಿಯಾಗಿ ಕೂರುವ ಒಂದು ರೆಡಿಮೇಡ್ ಕುರ್ತಾ ಸಾಕು, ಅದನ್ನು ಬಿಚ್ಚಬೇಕಾಗಿಲ್ಲ. ಇಸ್ತ್ರಿ ಮಾಡಿ, ನಡುವೆ ಉದ್ದಕ್ಕೆ ಮಡಚಿ, ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಹೊಲಿಗೆಯ ಗೆರೆಯುದ್ದಕ್ಕೂ ಗುಂಡುಸೂಜಿ ಚುಚ್ಚುತ್ತ ಹೋಗಿ. ಬಟ್ಟೆ ಎತ್ತಿದಾಗ ಕಾಗದದ ಮೇಲೆ ಉಳಿದ ತೂತುಗಳನ್ನು ಪೆನ್ಸಿಲ್ಲಿನಿಂದ ಕೂಡಿಸಿದರೆ ನಕ್ಷೆ ಸಿದ್ಧ. ಮುಂಭಾಗಕ್ಕೂ ಹಿಂಭಾಗಕ್ಕೂ ಬೇರೆ ಬೇರೆ ಕಾಗದ ಇರಲಿ, ಏಕೆಂದರೆ ಮುಂದಿನ ಕುತ್ತಿಗೆ ಹೆಚ್ಚು ಆಳ, ಮುಂದಿನ ಕಂಕುಳ ಹೆಚ್ಚು ಒಳಬಾಗು. ಆಮೇಲೆ ಸುತ್ತ ಅರ್ಧ ಇಂಚು, ಪಕ್ಕಗಳಲ್ಲಿ ಒಂದು ಇಂಚು ಮಾರ್ಜಿನ್ ಬಿಡಿ. ಎದೆಯಳತೆ 36 ಇದ್ದರೆ ಕುರ್ತಾದ ಸುತ್ತಳತೆ 41 ಅಥವಾ 42 ಇರಬೇಕು. ಬೇಸಿಗೆಯಲ್ಲಿ ತಂಪು ಕೊಡುವುದು ಬಟ್ಟೆಯಷ್ಟೇ ಮೈಗೂ ಬಟ್ಟೆಗೂ ನಡುವಿನ ಈ ಗಾಳಿ. ಜಗ್ಗಿದರೆ ಹಿಗ್ಗುವ ಹೊಸೈರಿ ಬಟ್ಟೆಯ ಉಡುಪಿನಿಂದ ಮಾತ್ರ ನಕ್ಷೆ ತೆಗೆಯಬೇಡಿ. ಆ ಅಳತೆಯಲ್ಲಿ ನೇಯ್ದ ಬಟ್ಟೆಯನ್ನು ಕತ್ತರಿಸಿದರೆ ತಲೆಯೂ ತೂರುವುದಿಲ್ಲ.

ನಮ್ಮೂರಿನವಳಾಗಿ ಡೆನಿಮ್ ಬಗ್ಗೆ ಒಂದು ಮಾತು. ಜೀನ್ಸ್ ಪ್ಯಾಂಟಿನ ಬಟ್ಟೆ ಸಾಮಾನ್ಯವಾಗಿ ಚದರ ಗಜಕ್ಕೆ 10ರಿಂದ 14 ಔನ್ಸ್ ತೂಗುತ್ತದೆ, ಅದು ಬೇಸಿಗೆಗೆ ಶಿಕ್ಷೆ. ನೀಲಿ ಹಾಸು ಮತ್ತು ಬಿಳಿ ಹೊಕ್ಕಿನ ಸಾದಾ ನೇಯ್ಗೆಯ ಶಾಂಬ್ರೆ ನಾಲ್ಕೈದು ಔನ್ಸಿನಲ್ಲಿ ಸಿಗುತ್ತದೆ. ನೋಡಲು ಡೆನಿಮ್‌ನಂತಿದ್ದು ತೊಡಲು ಅಂಗಿಬಟ್ಟೆಯಂತಿರುವ ಇದರಲ್ಲಿ ಗುಂಡಿಯ ಉದ್ದಂಗಿ ಬಲು ಚೆನ್ನಾಗಿ ಬರುತ್ತದೆ.

ಉತ್ತರ (ಕೊಪ್ಪಳದಿಂದ)

ಹೊಸ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಹಳೆಯ ಹತ್ತಿ ಸೀರೆಯೊಂದರಲ್ಲಿ ಪೂರ್ತಿ ಕುರ್ತಾ ಹೊಲಿದು ಒಂದು ದಿನ ತೊಟ್ಟು ನೋಡಿ. ಕುಷ್ಟಗಿಯ ಕಡೆಗೆ ಇಳಕಲ್ ಹತ್ತಿರವಾದ್ದರಿಂದ ನಮ್ಮ ಮನೆಗಳಲ್ಲಿ ಹತ್ತಿ ಒಡಲಿನ ಇಳಕಲ್ ಸೀರೆಗಳಿಗೆ ಕೊರತೆಯಿಲ್ಲ; ಅತ್ತೆಯವರ ಸೀರೆಯಲ್ಲಿ ಪ್ರಯೋಗಕ್ಕೆಂದು ಹೊಲಿದ ಕುರ್ತಾವೇ ನಾನು ಅತಿ ಹೆಚ್ಚು ತೊಟ್ಟ ಉಡುಪಾಗಿದೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿರಿಗೆ ಬೀಳುತ್ತಿದ್ದ ಕಡೆ ಸವೆದಿದ್ದರೆ ಆ ಭಾಗವನ್ನು ಬಿಟ್ಟು ಕತ್ತರಿಸಿ. ಗುಳೇದಗುಡ್ಡದ ಖಣವನ್ನು ಇಡೀ ಅಂಗಿಗೆ ಬಳಸುವ ಹುಚ್ಚು ಈಗ ಹೆಚ್ಚಾಗಿದೆ. ಅದು ಕುಬಸಕ್ಕೆಂದು ಕಿರಿದಾದ ಅಗಲದಲ್ಲಿ ನೇಯುವ ಬಟ್ಟೆ, ಜೇಬಿಗೋ ತೋಳಿನ ಅಂಚಿಗೋ ಇಟ್ಟರೆ ಸಾಕು.

ಮಲ್ ಬಟ್ಟೆ ಮೆಷಿನ್ನಿನಲ್ಲಿ ಜಾರಿ ಸತಾಯಿಸುತ್ತದೆ. ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ ಕತ್ತರಿಸಿದರೆ ಕಾಗದದಂತೆ ನಿಲ್ಲುತ್ತದೆ, ಮೊದಲ ಒಗೆತಕ್ಕೆ ಗಂಜಿ ಹೋಗುತ್ತದೆ. ಮಲ್‌ಗೆ 11ನೇ ನಂಬರಿನ ಸೂಜಿ, ಕೇಂಬ್ರಿಕ್‌ಗೆ 14.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಹಳೆಯ ಸೀರೆಯಲ್ಲಿ ಒಂದು ಕುರ್ತಾ ಮುಗಿಸಿದೆ. ಅಳತೆ ಸರಿಯಾಗಿದೆ, ಆದರೆ ಎರಡು ತೊಡಕುಗಳಿವೆ. ಕುತ್ತಿಗೆ ಅಗಲವಾಗಿ ಜೋತುಬಿದ್ದಿದೆ, ಮತ್ತು ಇಂಟರ್‌ಲಾಕ್ (ಅಂಚಿನ ಎಳೆ ಬಿಡದಂತೆ ಸುತ್ತಿ ಹೊಲಿಯುವ ಮೆಷಿನ್) ಇಲ್ಲದ ಕಾರಣ ಒಳಗೆಲ್ಲ ಎಳೆ ಬಿಡುತ್ತಿದೆ.

ಉತ್ತರ (ಬಳ್ಳಾರಿಯಿಂದ)

ಕುತ್ತಿಗೆ ಜೋತುಬೀಳುವುದು ಎಲ್ಲರ ಮೊದಲ ಕುರ್ತಾದಲ್ಲೂ ಆಗುತ್ತದೆ. ಅದು ಓರೆಯಾಗಿ ಕತ್ತರಿಸಿದ ಭಾಗವಾದ್ದರಿಂದ ಕೈಯಲ್ಲಿ ಹಿಡಿದಷ್ಟೂ ಹಿಗ್ಗುತ್ತದೆ. ಮುಂದಿನದರಲ್ಲಿ ಕತ್ತರಿಸಿದ ತಕ್ಷಣ, ಬೇರೇನನ್ನೂ ಮುಟ್ಟುವ ಮೊದಲು, ಅಂಚಿನಿಂದ ಕಾಲು ಇಂಚಿನೊಳಗೆ ಒಂದು ಸುತ್ತು ಬರೀ ಹೊಲಿಗೆ ಹಾಕಿಬಿಡಿ. ಆಮೇಲೆ ಒಂದೂಕಾಲು ಇಂಚಿನ ಕ್ರಾಸ್ ಪಟ್ಟಿಯನ್ನು (ಬಟ್ಟೆಯಿಂದ ಓರೆಯಾಗಿ ತೆಗೆದ ಪಟ್ಟಿ) ಕುತ್ತಿಗೆಯ ಸುತ್ತಳತೆಗಿಂತ ಒಂದು ಇಂಚು ಗಿಡ್ಡವಾಗಿ ಕತ್ತರಿಸಿ, ಪಟ್ಟಿಯನ್ನು ತುಸುವೇ ಜಗ್ಗುತ್ತ, ಕುತ್ತಿಗೆಯನ್ನು ಜಗ್ಗದೆ ಹಚ್ಚಿ, ಒಳಕ್ಕೆ ಮಡಚಿ ಹೊಲಿಯಿರಿ.

ಎಳೆ ಬಿಡುವುದಕ್ಕೆ ಇಂಟರ್‌ಲಾಕ್ ಬೇಕಿಲ್ಲ. ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗುವಂತೆ, ಅಂದರೆ ನಾವು ರೂಢಿಯಲ್ಲಿ ಇಡುವುದಕ್ಕೆ ತಿರುವುಮುರುವಾಗಿ ಇಟ್ಟು, ಅಂಚಿನಿಂದ ಕಾಲು ಇಂಚಿಗೆ ಮೊದಲ ಹೊಲಿಗೆ ಹಾಕಿ. ಉಳಿದ ಅಂಚನ್ನು ಅರ್ಧಕ್ಕೆ ಸವರಿ, ತಿರುಗಿಸಿ, ಉಗುರಿನಿಂದ ತೀಡಿ, ಮತ್ತೆ ಕಾಲು ಇಂಚಿಗೆ ಎರಡನೆಯ ಹೊಲಿಗೆ ಹಾಕಿದರೆ ಎಳೆಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ. ಸುತ್ತ ಬಿಟ್ಟಿರುವ ಅರ್ಧ ಇಂಚು ಮಾರ್ಜಿನ್ ಇದಕ್ಕೆ ಸರಿಯಾಗಿ ಸಾಕಾಗುತ್ತದೆ, ಪಕ್ಕಗಳ ಒಂದು ಇಂಚಿನಲ್ಲಿ ಹೆಚ್ಚಿನ ಅರ್ಧವನ್ನು ಮೊದಲೇ ಸವರಿಬಿಡಿ. ಈಗ ಹೊಲಿದಿರುವ ಕುರ್ತಾವನ್ನು ಬಿಚ್ಚುವ ಶ್ರಮ ಬೇಡ, ಕುತ್ತಿಗೆಯ ಹಿಂಭಾಗದ ನಡುವೆ ಒಂದು ಸಣ್ಣ ನಿರಿಗೆ ಹಿಡಿದು ಮೇಲೊಂದು ಗುಂಡಿ ಹಚ್ಚಿಬಿಡಿ.