ಬಾವಿ ನೀರಿನ ಟಿಡಿಎಸ್ 85. ಆರ್‌ಓ ಹಾಕಿಸ್ಬೇಕಾ?

ಕಾಳಿದಂಡೆ:
ಕಾರವಾರದ ಹತ್ರ ಸದಾಶಿವಗಡ ಕಡೆ ಚಿರೇಕಲ್ಲಿನ (ಕೆಂಪು ತೂತುಕಲ್ಲು) ಜಾಗ, ತೆರೆದ ಬಾವಿ. ವ್ಯಾಸ 3 ಮೀಟರ್, ಈಗ ನೀರು 4 ಮೀಟರ್ ಇದೆ. ಟಿಡಿಎಸ್ (ಒಂದು ಲೀಟರಲ್ಲಿ ಕರಗಿದ ಲವಣ, ಮಿಗ್ರಾಂ ಲೆಕ್ಕ) ಮಳೆಗಾಲದಲ್ಲಿ 85, ಮೇ ತಿಂಗಳಲ್ಲಿ 600 ದಾಟ್ತದೆ, ಆಗ ಚಹಾನೂ ಉಪ್ಪುಪ್ಪು. ಸುತ್ತಲ ಸೈಟಲ್ಲೆಲ್ಲ ಮನೆ ಎದ್ದಿವೆ. ಪಕ್ಕದ ಶೌಚದ ಗುಂಡಿ ಬಾವಿಯಿಂದ 9 ಮೀಟರ್. ಅಂಗಡಿಯವರು ಆರ್‌ಓ (ಕರಗಿದ ಲವಣ ತೆಗೆಯೋ ಫಿಲ್ಟರ್) ಹಾಕಿಸಿ ಅಂತಾರೆ.

ಚಿರೇಕಲ್ಲು:
ಟಿಡಿಎಸ್ ಮೀಟರು ತೋರಿಸೋದು ಕರಗಿದ ಲವಣ ಮಾತ್ರ. ನಿಮ್ಮ ಬಾವಿಲಿ 28,000 ಲೀಟರ್ ನೀರಿದೆ. ಗುಂಡಿಯ ನೀರು ಒಂದು ಕೊಡ ಸೇರಿದ್ರೂ ಮೀಟರ್ 85 ಅಂತಲೇ ಹೇಳ್ತದೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿ ನೀರಲ್ಲಿ ಇ-ಕೋಲಿ (ಮಲದಿಂದ ಬರೋ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಚಿರೇಕಲ್ಲಲ್ಲಿ ತೂತು, ಸೀಳು ಜಾಸ್ತಿ, ಮಣ್ಣು ಸೋಸಿದ ಹಾಗೆ ಅದು ಸೋಸೋದಿಲ್ಲ. ಎಲ್ಲರೂ ಹೇಳೋ 15 ಮೀಟರ್ ಅಂತರವೇ ಇಲ್ಲಿ ಸಾಲೋದಿಲ್ಲ, 9 ಮೀಟರ್ ಕೇಳೋದೇ ಬೇಡ.

ಮೊದಲು ಎಚ್‌ಟುಎಸ್ ಬಾಟಲಿ (ನೀರಲ್ಲಿ ಮಲದ ಬ್ಯಾಕ್ಟೀರಿಯಾ ಇದ್ರೆ ಕಪ್ಪಾಗೋ ಪರೀಕ್ಷೆ ಬಾಟಲಿ) ತನ್ನಿ. ಗೆರೆವರೆಗೆ ನೀರು ತುಂಬಿ, ಮುಚ್ಚಳದ ಒಳಬದಿ ಮುಟ್ಟದೆ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದ್ರೆ ಕುದಿಸದೆ ಕುಡೀಬೇಡಿ. ಪರೀಕ್ಷೆಯನ್ನ ಮೊದಲ ದೊಡ್ಡ ಮಳೆ ಆದ ಮೇಲೆ ಮಾಡಿ. ಬೇಸಿಗೆಯ ರಿಪೋರ್ಟ್ ನಂಬಿ ಕೂರಬೇಡಿ.

ಬಾವಿಕಟ್ಟೆ:
ಕಪ್ಪಾದ್ರೆ ಬಾವಿಗೆ ಬ್ಲೀಚಿಂಗ್ ಪುಡಿ. ರೂಢಿಯ ಪ್ರಮಾಣ 1000 ಲೀಟರಿಗೆ 2.5 ಗ್ರಾಂ, ನಿಮಗೆ 70 ಗ್ರಾಂ. ಪುಡಿಯನ್ನ ನೇರ ಬಾವಿಗೆ ಸುರಿಯೋದು ತಪ್ಪು, ಸುಣ್ಣವೆಲ್ಲ ತಳ ಸೇರ್ತದೆ. ಪ್ಲಾಸ್ಟಿಕ್ ಬಕೆಟಲ್ಲಿ ಗಂಟಿಲ್ಲದ ಹಾಗೆ ಕಲಸಿ, ಮುಕ್ಕಾಲು ಬಕೆಟ್ ಆಗೋವರೆಗೆ ನೀರು ಹಾಕಿ, 10 ನಿಮಿಷ ಬಿಡಿ. ಮೇಲಿನ ತಿಳಿಯನ್ನ ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನ ಹಗ್ಗದಲ್ಲಿ ಇಳಿಸಿ ನೀರೊಳಗೆ ಮೇಲೆ ಕೆಳಗೆ ಎಳೆದಾಡಿ. ಒಂದು ಗಂಟೆ ಆದ ಮೇಲೆ ಕ್ಲೋರಿನ್ ಅಳೆಯೋ ಕಿಟ್ಟಲ್ಲಿ ನೋಡಿದ್ರೆ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿಗ್ರಾಂ ಬರಬೇಕು. ಬರದಿದ್ರೆ ಇನ್ನಷ್ಟು ಹಾಕಿ. ಬಾಯಿ ತೆರೆದಿಟ್ಟ ಹಳೇ ಚೀಲದ ಪುಡಿಗೆ ಸತ್ವ ಇರೋದಿಲ್ಲ, ಲೆಕ್ಕವೆಲ್ಲ ತಪ್ತದೆ.

ಗುಂಡಿ ಸೋರ್ತಾ ಇದ್ರೆ ವಾರದಲ್ಲಿ ಮತ್ತೆ ಅದೇ ಕಥೆ. ಪಕ್ಕದವರ ಹತ್ರ ಮಾತಾಡಿ ತಳಕ್ಕೂ ಗೋಡೆಗೂ ಸಿಮೆಂಟ್ ಹಾಕಿಸಿ, ಇಂಗುಗುಂಡಿಯನ್ನ ಬಾವಿಯ ಇಳಿಜಾರಿನ ಕೆಳಗೆ ಒಯ್ಯೋದೇ ದಾರಿ.

ಗಜನಿ:
ಮೇ ತಿಂಗಳ ಉಪ್ಪು ಬೇರೆ ವಿಷಯ, ಅದಕ್ಕೆ ಬ್ಲೀಚಿಂಗೂ ಇಲ್ಲ, ಕುದಿಸೋದೂ ಇಲ್ಲ. ಕುದಿಸಿದಷ್ಟೂ ಉಪ್ಪು ಗಟ್ಟಿಯಾಗ್ತದೆ. ಸಮುದ್ರ, ಕಾಳಿ ನದಿಯ ಅಳಿವೆ ಹತ್ರ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರ್ತದೆ. ಲೆಕ್ಕದಲ್ಲಿ ಸಿಹಿನೀರಿನ ಮಟ್ಟ 1 ಮೀಟರ್ ಇಳಿದ್ರೆ ಉಪ್ಪಿನ ಗಡಿ 40 ಮೀಟರ್ ಮೇಲೇಳ್ತದೆ. ದೊಡ್ಡ ಪಂಪ್ ಇಟ್ಟು ಒಂದೇ ಸಲ ಟ್ಯಾಂಕಿ ತುಂಬಿಸೋದು ಬಿಡಿ. ಅರ್ಧ ಎಚ್‌ಪಿ ಸಾಕು, ಬೆಳಿಗ್ಗೆ ಸಂಜೆ ಇಪ್ಪತ್ತಿಪ್ಪತ್ತು ನಿಮಿಷ. ಪಂಪ್ ಹಾಕೋ ಮೊದಲು, ನಿಲ್ಲಿಸೋ ಹೊತ್ತಿಗೆ ಟಿಡಿಎಸ್ ಬರೆದಿಡಿ. ನಿಮ್ಮ ಮೀಟರಿಗೆ ಕೆಲಸ ಇರೋದು ಇಲ್ಲೇ.

ಕಾಳಿದಂಡೆ:
ಹಾಗಾದ್ರೆ ಆರ್‌ಓ?

ಚಿರೇಕಲ್ಲು:
85ರ ನೀರಿಗೆ ಬೇಡ. ಒಂದು ಲೀಟರಿಗೆ ಎರಡು-ಮೂರು ಲೀಟರ್ ಮೋರಿಗೆ ಹೋಗ್ತದೆ. ಯುವಿ (ರೋಗಾಣು ಕೊಲ್ಲೋ ನೇರಳಾತೀತ ಬೆಳಕಿನ ದೀಪ) ಸಾಕು, ಆದ್ರೆ ಅದರ ಮುಂದೆ ಸೋಸುವ ಕ್ಯಾಂಡಲ್ ಇರ್ಲೇಬೇಕು. ಕದಡಿದ ನೀರಲ್ಲಿ ಕಣದ ಮರೆಗೆ ನಿಂತ ರೋಗಾಣುವಿಗೆ ಬೆಳಕು ತಾಗೋದಿಲ್ಲ. ನಮ್ಮ ಕಡೆ ಕಬ್ಬಿಣದ ಅಂಶವೂ ಇರ್ತದೆ, ದೀಪದ ಗಾಜಿನ ಕೊಳವೆಗೆ ಕೆಂಪು ಪೊರೆ ಕಟ್ತದೆ. ಕೊಡದಲ್ಲಿ ರಾತ್ರಿ ಇಟ್ಟ ನೀರಿನ ತಳದಲ್ಲಿ ಕೆಂಪು ಕಂಡ್ರೆ ಕೊಳವೆ ಆಗಾಗ ಬಿಚ್ಚಿ ಒರೆಸಿ.