ಬಾಸ್ಕೆಟ್‌ಬಾಲ್ ಆಡಿದ್ದ ಪಾಸ್ಟರ್, ಚರ್ಚ್ ಅಂಗಳದಲ್ಲಿ ಅಂಕಣ

ಪ್ರಶ್ನೆ (ಮಡಿಕೇರಿ): ಕಾಲೇಜು ತಂಡದಲ್ಲಿ ಆಡಿದ್ದವರು ಈಗ ನಮ್ಮ ಸಭಾಪಾಲಕರು. ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸಲು ಸಿದ್ಧರಿದ್ದಾರೆ. ರಿಂಗ್ ಎಷ್ಟು ಎತ್ತರ? ಮಳೆಗೆ ಎಂಥ ನೆಲ?

ಉತ್ತರ (ವಿರಾಜಪೇಟೆ): ದೊಡ್ಡವರಿಗೆ 3.05 ಮೀಟರ್. 12ರೊಳಗಿನವರಿಗೆ 2.60 ಸಾಕು, 5ನೇ ಸೈಜಿನ ಚೆಂಡು ಕೊಡಿ. 7ನೇ ಸೈಜಿನ ಚೆಂಡನ್ನು ಎತ್ತರದ ರಿಂಗಿಗೆ ಎಸೆಯಲು ಹೋದರೆ ಪುಟ್ಟ ಮಕ್ಕಳು ಸೊಂಟದಿಂದ ತಳ್ಳುತ್ತಾರೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಉತ್ತರ (ಸೋಮವಾರಪೇಟೆ): ನಮ್ಮ ಕಡೆ ನೆಲವೇ ಮುಖ್ಯ ಸರ್. ಕಾಂಕ್ರೀಟಿಗೆ ಒಂದೇ ಕಡೆಗೆ, 100 ಅಡಿಗೆ 1 ಅಡಿ ಇಳಿಜಾರು ಕೊಡಿ. ಹಸಿಯಿದ್ದಾಗಲೇ ಪೊರಕೆ ಎಳೆಸಿ. ನುಣ್ಣಗೆ ಮಾಡಿಸಿದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತೆ, ಮೊಣಕಾಲಿಗೆ ಅಪಾಯ. ಅಂಚಿನಲ್ಲಿ ಚರಂಡಿ ಬೇಕೇ ಬೇಕು.

ಉತ್ತರ (ಕುಶಾಲನಗರ): ನಿಮ್ಮ ಸಭಾಪಾಲಕರಂತೆ ಪಾಸ್ಟರ್ ಆಗಬೇಕೆನ್ನುವ ಹುಡುಗರಿಗೆ: ಸಿ.ಎಸ್.ಐ.ನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಮೊದಲು ಸಭೆಯ ಶಿಫಾರಸು, ಆಮೇಲೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ದೇವತಾಶಾಸ್ತ್ರದ ಪದವಿ) ಓದು. ಮಂಗಳೂರಿನಲ್ಲೇ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿದೆ.