ರಾಯಚೂರಿನ ಬಿಸಿಲಲ್ಲಿ ಬೌಂಟಿ ಹಡಗು: ಮರದ ಕಿಟ್ ಕಟ್ಟಿದವರ ಅನುಭವ

ಪ್ರಶ್ನೆ, ರಾಯಚೂರಿನಿಂದ:
ನನ್ನ ತಮ್ಮ ಹೊರದೇಶದಿಂದ ಬರುವಾಗ ‘ಎಚ್‌ಎಂಎಸ್ ಬೌಂಟಿ’ ಅನ್ನೋ ಹಳೇ ಬ್ರಿಟಿಷ್ ಹಾಯಿಹಡಗಿನ ಮಾದರಿ ಕಟ್ಟೋ ಮರದ ಕಿಟ್ ತಂದುಕೊಟ್ಟಿದ್ದಾನೆ. 1:48 ಅಳತೆ, ಅಂದರೆ ನಿಜ ಹಡಗಿನ 48ನೇ ಒಂದು ಭಾಗ. “ಅಕ್ಕ, ಬಿಸಿಲಲ್ಲಿ ಹೊರಗೆ ಹೋಗಬೇಡ, ಕೂತು ಇದನ್ನ ಕಟ್ಟು” ಅಂದ. ಡಬ್ಬಿ ತೆರೆದರೆ ಪ್ಲೈವುಡ್ ಹಾಳೆ, ಕಟ್ಟುಗಟ್ಟಲೆ ತೆಳು ಪಟ್ಟಿ, ಹಿತ್ತಾಳೆ ಮೊಳೆ, ನೂಲುಂಡೆ. ಪ್ಲಾಸ್ಟಿಕ್ ವಿಮಾನ ಜೋಡಿಸಿ ಗೊತ್ತು, ಮರ ಹೊಸದು. ಎಲ್ಲಿಂದ ಶುರು ಮಾಡಲಿ? ನಮ್ಮ ಸೆಕೆಗೆ ಮರ ಬಿರಿಯುತ್ತಾ? ಫೆವಿಕಾಲ್ ಸಾಕಾ? ಮೊದಲು ಸಣ್ಣದೊಂದು ಮಾಡಿ ಕೈ ಪಳಗಿಸಿಕೋ ಅಂತ ಕೆಲವರು ಹೇಳ್ತಾರೆ. ಕಟ್ಟಿದವರು ಇದ್ದರೆ ಹೇಳಿ.

ಬಳ್ಳಾರಿಯಿಂದ:
ಆ ‘ಕೆಲವರ’ ಪೈಕಿ ನಾನೂ ಒಬ್ಬ. ಬೌಂಟಿ ನಿಜಕ್ಕೂ ಪುಟ್ಟ ಹಡಗೇ, ಸುಮಾರು 27 ಮೀಟರ್. ನಿಮ್ಮ ಅಳತೆಯಲ್ಲಿ ಒಡಲು ಎರಡಡಿಗೆ ಸ್ವಲ್ಪ ಕಮ್ಮಿ ಬರುತ್ತೆ. ತೊಡಕಿರೋದು ಮೂತಿಯಲ್ಲಿ. 1784ರಲ್ಲಿ ‘ಬೆಥಿಯಾ’ ಅನ್ನೋ ಹೆಸರಲ್ಲಿ ಸರಕು ಹೇರೋಕೆ ಕಟ್ಟಿದ ಹಡಗದು, ಬ್ರಿಟಿಷ್ ನೌಕಾಪಡೆ ಕೊಂಡಿದ್ದು 1787ರಲ್ಲಿ. ಸರಕಿನ ಹಡಗು ಅಂದಮೇಲೆ ಮುಂಭಾಗ ಚೂಪಲ್ಲ, ದುಂಡಗೆ. ಪಟ್ಟಿ ಬಗ್ಗಿಸುವಾಗ ಪಟ್ ಅಂತ ಮುರಿಯೋದು ಅಲ್ಲೇ. ಅದಕ್ಕೇ ಮಾಡೆಲ್ ಶಿಪ್‌ವೇಸ್ ಅನ್ನೋ ಕಿಟ್ ಕಂಪನಿಯವರ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ ತರಹದ್ದು ಮೊದಲು ಮಾಡಿ ಅನ್ನೋದು. ಮೀನುಗಾರರ ಚಿಕ್ಕ ದೋಣಿ, 1:24. ಹೊರಗಿಂದ ತರಿಸಿದರೆ ಸುಂಕ, ಕೊರಿಯರ್ ಸೇರಿ ಬೆಲೆ ಏರುತ್ತೆ, ಅದನ್ನ ಮೊದಲೇ ವಿಚಾರಿಸಿ.

ಕೊಪ್ಪಳದ ಕಡೆಯಿಂದ:
ಸರ್ ಹೇಳೋದು ಖರೆ, ಆದ್ರ ಮನ್ಯಾಗ ಬಂದು ಕುಂತ ಹಡಗು ಬಿಟ್ಟು ಇನ್ನೊಂದು ಯಾಕ ತರಿಸ್ತೀರಿ? ಶುರು ಮಾಡ್ರಿ ಅಕ್ಕಾರ. ನಾವು ಬಡಿಗ್ಯಾರ ಮನಿಯವ್ರು, ನನಗ ಗೊತ್ತಿದ್ದಷ್ಟು ಹೇಳ್ತೀನಿ.

ಮೊದಲು ಬೆನ್ನು ನೋಡ್ರಿ. ನಡುವ ಉದ್ದಕ ಬರೋ ಪ್ಲೈವುಡ್ ಹಲಗಿ ಐತಲ್ಲ, ಕೀಲ್ ಅಂತಾರ, ಅದನ್ನ ದಪ್ಪ ಗಾಜಿನ ಮ್ಯಾಲೆ ಇಟ್ಟು ಕಣ್ಣು ಕೆಳಗ ತಂದು ನೋಡ್ರಿ. ಸ್ವಲ್ಪ ಡೊಂಕಿದ್ರ ಭಾರ ಹೇರಿ ಬಿಡ್ರಿ, ಸರಿ ಆಗೂತನಕ ಮುಂದಿನ ಕೆಲಸ ಬ್ಯಾಡ. ಅದರಾಗ ಕೊರೆದ ಸಂದಿಗೆ ಒಡಲಿನ ಆಕಾರ ಕೊಡೋ ಅಡ್ಡಹಲಗಿ ಕೂಡಿಸುವಾಗ ಒಂದೊಂದಕ್ಕೂ ಮೂಲೆಮಟ್ಟ ಹಚ್ಚಿ ನೋಡ್ರಿ. ಲೇಸರ್ ಕೊಯ್ದ ಅಂಚು ಕರ್ರಗ ಸುಟ್ಟಿರತೈತಿ, ಅಂಟು ಹಚ್ಚೂ ಕಡೆ ಅದನ್ನ ಉಪ್ಪುಕಾಗದದಿಂದ ತಿಕ್ಕಿ ತಗೀರಿ, ಅಂಟು ಚಲೋ ಹಿಡೀತೈತಿ. ಹಾಳಿಯಿಂದ ಬಿಡಿಸೂಕಿಂತ ಮುಂಚೆ ಪೆನ್ಸಿಲಿಂದ ನಂಬರ್ ಬರ್ಕೊಳ್ರಿ. ನಕ್ಷೆ ಝೆರಾಕ್ಸ್ ಮಾಡಿಸಿ, ಝೆರಾಕ್ಸ್ ಪ್ರತಿ ಮ್ಯಾಲೆ ಗೀಚ್ರಿ.

ಇನ್ನ ಪಟ್ಟಿ. ಹಚ್ಚೂ ಮೊದಲು ಅಡ್ಡಹಲಗಿ ಅಂಚು ಓರಿ ಮಾಡಬೇಕು. ಮುಂದ, ಹಿಂದ ಪಟ್ಟಿ ತಿರುಗತೈತಲ್ಲ, ಅಲ್ಲಿ ಅಂಚು ಚೌಕಾಗಿ ಇದ್ರ ಪಟ್ಟಿ ಒಂದು ಗೆರಿ ಮ್ಯಾಲಷ್ಟ ಕೂಡತೈತಿ. ಅಂಟಿಲ್ಲದ ಪಟ್ಟಿ ಹಿಡಿದು ನೋಡ್ರಿ, ಎಲ್ಲಾ ಅಂಚಿಗೂ ಪೂರ್ತಿ ತಾಗೂತನಕ ತಿಕ್ಕಬೇಕು. ಬ್ಯಾಸರದ ಕೆಲಸ, ಜನ ಇದನ್ನ ಜಿಗಿದು ಮುಂದ ಹೋಗ್ತಾರ. ಒಡಲಿನ ಹೊಳಪೆಲ್ಲ ಇಲ್ಲೇ ಐತಿ. ಎಡಕ ಒಂದು ಪಟ್ಟಿ ಹಚ್ಚಿದ್ರ ಮುಂದಿನದು ಬಲಕ. ಒಂದ ಕಡೆ ಹಚ್ಚಿಕೋತ ಹೋದ್ರ ಬೆನ್ನು ಆ ಕಡೆ ಎಳೀತೈತಿ, ಆಮ್ಯಾಲೆ ಸೀದಾ ಆಗೂದಿಲ್ಲ. ಮೂತಿ ಕಡೆ ಹೋದಂಗ ಪಟ್ಟಿ ಅಗಲ ಕಮ್ಮಿ ಮಾಡ್ಕೋತ ಹೋಗ್ರಿ, ಇಲ್ಲಂದ್ರ ಒಂದರ ಮ್ಯಾಲ ಒಂದು ಏರತಾವ.

ಕಿಟ್‌ನ್ಯಾಗ ಎರಡು ಪದರ ಪಟ್ಟಿ ಕೊಟ್ಟಿದ್ರ ಮೊದಲನೇದರ ಚಂದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ಸಂದಿಗೆ ಮರದ ಪುಡಿ, ಫೆವಿಕಾಲ್ ಕಲಸಿ ಮೆತ್ತಿ ತಿಕ್ಕಿಬಿಡ್ರಿ. ನಮ್ಮ ಕಿನ್ನಾಳದ ಚಿತ್ರಗಾರ್ರು ಹುಣಸಿಬೀಜದ ಅಂಟಿನ್ಯಾಗ ಗೋಣಿ ನಾರಿನ ಪುಡಿ ಕಲಸಿ ಗೊಂಬಿಗೆ ಕಿಟ್ಟ ಮೆತ್ತತಾರಲ್ಲ, ಹಂಗ. ಮ್ಯಾಲೆ ಎರಡನೇ ಪದರ ಬಂದು ಎಲ್ಲಾ ಮುಚ್ಚತೈತಿ.

ರಾಯಚೂರಿನಿಂದಲೇ ಇನ್ನೊಬ್ಬರು:
ಸೆಕೆಯ ಬಗ್ಗೆ ನಾನು ಹೇಳಬಲ್ಲೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತೆ, ಗಾಳಿ ಒಣ. ಮರ ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ಅಷ್ಟಾಗಿ ಕುಗ್ಗಲ್ಲ. ಹಾಗಾಗಿ ಪಟ್ಟಿಯ ಕಟ್ಟು ಬಿಚ್ಚಿ ಕೆಲಸ ಮಾಡೋ ಕೋಣೆಯಲ್ಲೇ ಒಂದೆರಡು ವಾರ ಹರಡಿ ಇಡಿ. ಕುಗ್ಗೋದಿದ್ದರೆ ಅಂಟಿಸೋ ಮೊದಲೇ ಕುಗ್ಗಲಿ.

ಬಗ್ಗಿಸೋಕೆ ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿದರೆ ಸಾಕು. ಒದ್ದೆ ಪಟ್ಟಿ ತಂದು ಅಲ್ಲೇ ಅಂಟಿಸಬೇಡಿ. ಮೂತಿಯ ಆಕಾರಕ್ಕೆ ಬಗ್ಗಿಸಿ ಬಟ್ಟೆ ಕ್ಲಿಪ್ಪಿನಿಂದ ಹಿಡಿಸಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿ ಅಂಟಿಸಿ. ಒದ್ದೆಯಿದ್ದಾಗ ಉಬ್ಬಿರುತ್ತೆ, ಒಣಗಿದಾಗ ಪಟ್ಟಿ ಪಟ್ಟಿಗೂ ನಡುವೆ ಬಾಯಿ ಬಿಡುತ್ತೆ. ಒಣಗಿಸೋ ಅವಸರದಲ್ಲಿ ಬಿಸಿಲಿಗೂ ಇಡಬೇಡಿ.

ಫೆವಿಕಾಲ್ ಧಾರಾಳ ಸಾಕು. ಆದರೆ ಫ್ಯಾನ್ ಕೆಳಗೆ ಮೇಲಿನ ಪೊರೆ ಬೇಗ ಕಟ್ಟುತ್ತೆ, ಒಂದು ಸಲಕ್ಕೆ ಒಂದೇ ಪಟ್ಟಿಗೆ ಹಚ್ಚಿ. ಫೆವಿಕ್ವಿಕ್ ತುದಿ ಹಿಡಿಸೋಕೆ ಮಾತ್ರ. ಅದು ಚೆಲ್ಲಿದ ಜಾಗದಲ್ಲಿ ಮರ ಬಣ್ಣ, ವಾರ್ನಿಷ್ ಸರಿಯಾಗಿ ಹೀರಲ್ಲ, ಕಲೆ ಉಳಿಯುತ್ತೆ. ಬೆಳಗಿನ ಜಾವ ಕೆಲಸ ಮಾಡಿ. ಅಂಟಿಗೂ ಒಳ್ಳೇದು, ನಮಗೂ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಕಿಟ್‌ನಲ್ಲಿ ಎರಡು ಪದರ ಇದೆ, ಉಸಿರು ಬಂತು! ಒಂದು ಅನುಮಾನ: ಮೂರು ಕಂಬದ ಹಗ್ಗಗಳನ್ನ ನೋಡಿದರೇ ಭಯ. ಆ ನೂಲೇ ಹಾಕಬೇಕಾ? ತುಂಬಾ ಜುಂಗು ಇದೆ.

ಗಂಗಾವತಿಯಿಂದ:
ನಾನು ಕೊನೇ ಬೆಂಚಿನವನು, ಹಗ್ಗದ ಬಗ್ಗೆ ಮಾತ್ರ ಹೇಳ್ತೀನಿ. (ಸಣ್ಣದರಿಂದ ಶುರು ಮಾಡಿ ಅಂದ ಬಳ್ಳಾರಿ ಸಾಹೇಬ್ರೇ, ನಮ್ಮ ಆನೆಗೊಂದಿಗೆ ಬನ್ನಿ, ಹರಿಗೋಲು ತೋರಿಸ್ತೀನಿ. ಕೀಲೂ ಇಲ್ಲ, ಕಂಬವೂ ಇಲ್ಲ!) ನೂಲನ್ನ ಜೇನುಮೇಣದ ಉಂಡೆ ಮೇಲೆ ಎಳೆದು ಬೆರಳಲ್ಲಿ ಉಜ್ಜಿ, ಜುಂಗು ಕೂರುತ್ತೆ. ಕಂಬ ಬಿಗಿಯಾಗಿ ಹಿಡಿಯೋ ಹಗ್ಗಗಳು ಕಪ್ಪು, ಹಾಯಿ ಎಳೆಯೋ ಹಗ್ಗಗಳು ಕಂದು. ಹಿಡಿಯೋವಕ್ಕೆ ಟಾರು ಬಳೀತಿದ್ರು, ಎಳೆಯೋವು ಕಪ್ಪಿಯಲ್ಲಿ ಓಡಾಡಬೇಕು. ಕಪ್ಪು ಹಗ್ಗ ಮೊದಲು ಕಟ್ಟಿ, ಎಡಬಲ ಜೋಡಿಯಾಗಿ, ಕೈಯಿಂದ ನೆಟ್ಟಗಾಗುವಷ್ಟೇ ಬಿಗಿ. ಜಾಸ್ತಿ ಎಳೆದ್ರೆ ಕಂಬ ಬಾಗುತ್ತೆ. ಏಣಿಯಂತಿರೋ ಅಡ್ಡ ಹಗ್ಗಕ್ಕೆ, ಎರಡು ಸುತ್ತು ಹಾಕಿ ಬಿಗಿಯೋ ಕ್ಲೋವ್ ಹಿಚ್ ಗಂಟು ಕಲೀರಿ. ದಪ್ಪ ದಾರ, ಪೆನ್ಸಿಲ್ ಸಾಕು ಅಭ್ಯಾಸಕ್ಕೆ. ಗಂಟಿನ ಹಿಂದೆ ಗೆರೆ ಎಳೆದ ರಟ್ಟು ಸಿಗಿಸಿದ್ರೆ ಅಂತರ ಒಂದೇ ಸಮ ಬರುತ್ತೆ.

ಗಾಜಿನ ಪೆಟ್ಟಿಗೆ ಕೊನೆಗೆ ಮಾಡಿಸಿ, ಕಂಬ ನಿಲ್ಲಿಸಿ ಅಳೆದ ಮೇಲೆ. ನಮ್ಮ ಧೂಳಿಗೆ ಪೆಟ್ಟಿಗೆ ಬೇಕೇ ಬೇಕು, ನೂಲಿನ ಮೇಲೆ ಕೂತದ್ದನ್ನ ಒರೆಸೋಕೆ ಆಗಲ್ಲ. ಗೆದ್ದಲು ಹತ್ತೋ ಗೋಡೆ ಕಡೆ ಮಾತ್ರ ಇಡಬೇಡಿ.